ಬನಹಟ್ಟಿಯ ನೋಂದಾಯಿತ ಲೇಖಕರು

ಇಸವಿ ೧೯೩೬ರ ಯುಗಾದಿಗೆ ಬನಹಟ್ಟಿಯಲ್ಲಿ ಮೂವರು ಲೇಖಕರಿದ್ದರು. ಅದೇ ವರ್ಷದ ದೀಪಾವಳಿಗೆ ಅವರ ಸಂಖ್ಯೆ ಇನ್ನೂರಾ ಹದಿನಾಲ್ಕಕ್ಕೆ ಏರಿತು. ಈ ನಡುವಿನ ಅವಧಿಯಲ್ಲಿ ಊರಲ್ಲಿ ಯಾರೂ ಏನನ್ನೂ ಬರೆಯಲಿಲ್ಲವೆಂಬುದು ದಫ್ತರದಲ್ಲಿಯೇ ನಮೂದಾಗಿದೆ.

ಮೂವರೇ ಇದ್ದ ಕಾಲದಲ್ಲಿ ಸುಪಾರ್ಶ್ವನ ಪುಸ್ತಕದಂಗಡಿಯ ಒಂದೇ ಗೂಡು ಅವರೆಲ್ಲರಿಗೂ ಸಾಕಾಗುತ್ತಿತ್ತು. ಸುಪಾರ್ಶ್ವ ತೇರದಾಳದ ಜೈನರ ಮನೆಯವನು. ಅಣ್ಣಂದಿರು ಅರಿವೆ ಅಂಗಡಿ ಹಾಕು ಎಂದರೆ ಈತ ಪೇಟೆಯೊಳಗೆ ಪುಸ್ತಕ ತಂದಿಟ್ಟುಕೊಂಡು ಕೂತ. ಸಾಲಿಯ ಪುಸ್ತಕ, ಪಂಚಾಂಗ, ಪಾಟಿ, ಧಾರವಾಡ ಪುಣೆಗಳಿಂದ ಗಾಡಿಯ ಮೇಲೆ ಬಂದ ನಾಟಕ, ಪುರಾಣ ಎಲ್ಲ ಇದ್ದವು. ಗಲ್ಲೆಯ ಬಲಗಡೆಯ ಗೂಡಿನ ಮೇಲೆ ಸುಣ್ಣದ ಕಡ್ಡಿಯಿಂದ ‘ನಮ್ಮೂರವರು ಬರೆದದ್ದು’ ಎಂದು ಬರೆದಿದ್ದ. ಅಲ್ಲಿದ್ದದ್ದು ಮೂರು ಪುಸ್ತಕ. ಮೊದಲನೆಯದು ಮುರಗೆಪ್ಪ ಮಾಸ್ತರರು ಷಟ್ಪದಿಯಲ್ಲಿ ಬರೆದ ಮಗ್ಗಿ. ಎರಡನೆಯದು ಬಸಗೊಂಡಪ್ಪನವರ ಕಾಶಿಯಾತ್ರೆ. ಸೊಲ್ಲಾಪುರದಲ್ಲಿ ಜ್ವರ ಬಂದು ಅವರು ಹಿಂತಿರುಗಿದ್ದರಿಂದ ಪುಸ್ತಕವೂ ಅಲ್ಲಿಂದಲೇ ಹಿಂತಿರುಗುತ್ತಿತ್ತು. ಮೂರನೆಯದು ಶಂಕ್ರೆವ್ವನ ‘ನೂಲಿನ ಬಣ್ಣದ ಕ್ರಮ’.

ಮಾರಾಟವಾಗುತ್ತಿದ್ದದ್ದು ಇದೊಂದೇ. ಶಂಕ್ರೆವ್ವ ಅರವತ್ತು ದಾಟಿದ ಬಣ್ಣಗಾರ್ತಿ. ರನ್ನ ಬೆಳಗಲಿಯಿಂದ ಈ ಊರಿಗೆ ಸೊಸೆಯಾಗಿ ಬಂದು ನಾಲ್ವತ್ತು ವರ್ಷ ಹಂಡೆಯ ಮುಂದೆ ನಿಂತವಳು. ಅಪ್ಪನ ಹತ್ತಿರ ಕಲಿತಿದ್ದ ಅಕ್ಷರವನ್ನು ಖರ್ಚು ಮಾಡದೆ ಇಟ್ಟುಕೊಂಡಿದ್ದು, ಮುಪ್ಪಿನಲ್ಲಿ ಅರವತ್ನಾಲ್ಕು ಪುಟ ಬರೆದಳು. ಓದಲು ಬಾರದ ನೇಕಾರರೂ ಅದನ್ನು ಒಯ್ದು ಬೇರೆಯವರಿಂದ ಓದಿಸಿಕೊಳ್ಳುತ್ತಿದ್ದರು. ಹತ್ತೊಂಬತ್ತನೆಯ ಪುಟದಲ್ಲಿ ಸೆರಗಿನ ಕೆಂಪು ಇತ್ತು. ಅಳಲೆಕಾಯಿಯ ನೀರು ಎಷ್ಟು, ಪಟಿಕ ಎಷ್ಟು, ಎಷ್ಟು ಹೊತ್ತು ಎಂಬುದನ್ನು ಆಕೆ ಅಲ್ಲಿ ಹೇಳಿದಂತೆ ಮಾಡಿದರೆ ಸೀರೆ ಹರಿಯುತ್ತಿತ್ತೇ ಹೊರತು ಕೆಂಪು ಹೋಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಮುಂಬಯಿಯಿಂದ ಸಂಸ್ಥಾನದ ಅತಿಥಿಯಾಗಿ ಒಬ್ಬ ದೊಡ್ಡ ಪಾಹುಣೆ ಬಂದರು. ಮಗ್ಗ ನೋಡಿ, ಬಾವಿ ನೋಡಿ, ನೆರಳಿಗೆಂದು ಸುಪಾರ್ಶ್ವನ ಅಂಗಡಿಯೊಳಗೆ ನಿಂತರು. ಗೂಡು ನೋಡಿ ಬಹಳ ಸಂತೋಷಪಟ್ಟು, ಊರಲ್ಲಿ ಲೇಖಕರು ಎಷ್ಟು ಎಂದು ಕೇಳಿದರು. ಸುಪಾರ್ಶ್ವ ಮೂವರು ಎಂದ. ಜೊತೆಗಿದ್ದ ಅಧಿಕಾರಿಗಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪಾಹುಣೆಯವರು ಮಳೆಗಾಲ ಮುಗಿದ ಮೇಲೆ ಮತ್ತೆ ಬರುವುದಾಗಿ ಹೇಳಿ ಹೋದರು.

ಎಂಟು ದಿನಗಳೊಳಗೆ ವಾಙ್ಮಯ ಖಾತೆ ಸ್ಥಾಪನೆಯಾಯಿತು. ಅದರ ಮುಖ್ಯಸ್ಥರಾಗಿ ಅಂದಾನೆಪ್ಪನವರು ನೇಮಕಗೊಂಡರು. ಅವರು ಅಲ್ಲಿಯವರೆಗೆ ಕೊಂಡವಾಡೆ ನೋಡಿಕೊಳ್ಳುತ್ತಿದ್ದರು. ಬಿಡಾಡಿ ದನಗಳನ್ನು ಹಿಡಿದು, ಎಣಿಸಿ, ಒಳಗೆ ಹಾಕಿದ ಅನುಭವ ಸಾಹಿತ್ಯಕ್ಕೂ ಒದಗೀತೆಂಬುದು ಹಿರಿಯರ ಅಭಿಪ್ರಾಯವಾಗಿತ್ತು. ಅವರು ಡಂಗುರ ಹೊಡೆಸಿ ಓದಿಸಿದ ಜಾಹೀರನಾಮೆ ಹೀಗಿತ್ತು:

“ತಮಾಮ್ ಪ್ರಜೆಗಳಿಗೆ ತಿಳಿಯಪಡಿಸುವುದೇನೆಂದರೆ, ಸ್ಥಳೀಕ ಲೇಖಕನಾಗಲಿಚ್ಛಿಸುವವನು ಖಾತೆಯಲ್ಲಿ ಹೆಸರು ನೋಂದಿಸತಕ್ಕದ್ದು. ನೋಂದಿತನು ಇಲ್ಲಿಯೇ ಹುಟ್ಟಿದವನಿರತಕ್ಕದ್ದು. ಪುಸ್ತಕ ಬರೆದಿರುವುದು ನೋಂದಣಿಗೆ ಅಡ್ಡಿಯೆಂದು ತಿಳಿಯತಕ್ಕದ್ದಲ್ಲ. ನೋಂದಿತನಿಗೆ ಅಧಿಕಾರಿಗಳ ಸವಾರಿಯ ಕಾಲಕ್ಕೆ ಗಾಡಿ, ಎತ್ತು, ಹುಲ್ಲು ಬಿಟ್ಟಿ ಕೊಡುವುದರಿಂದ ಮಾಫಿ ಇರುತ್ತದೆ.”

ಕೊನೆಯ ವಾಕ್ಯ ಕೇಳಿದ ಮೇಲೆ ಊರಿನಲ್ಲಿ ಸಾಹಿತ್ಯದ ಬಗ್ಗೆ ಬಹಳ ಆಸ್ಥೆ ಹುಟ್ಟಿತು. ಮರುದಿನ ಬೆಳಿಗ್ಗೆ ಖಾತೆಯ ಮುಂದೆ ಸಾಲು ಹಚ್ಚಿದವರಲ್ಲಿ ಮೊದಲಿಗ ಗಾಡಿ ಹೊಡೆಯುವ ಹಾಲಸಿದ್ದಪ್ಪ. ಲೋಕಾಪುರದ ದಾರಿಯಲ್ಲಿ ಬಿಟ್ಟಿ ಹೊಡೆದು ಹೊಡೆದು ಅವನ ಎತ್ತುಗಳ ಹೆಗಲು ಹುಣ್ಣಾಗಿತ್ತು. ಅವನಿಗೆ ಓದು ಬರಹ ಬಾರದು. ಖಾತೆಯವರು ಅದನ್ನು ಕೇಳಲಿಲ್ಲ; ಹೆಬ್ಬೆರಳಿಗೆ ಮಸಿ ಹಚ್ಚಿ ಲೇಖಕನನ್ನಾಗಿ ಮಾಡಿ ಕಳಿಸಿದರು.

ಮುಂದಿನ ಹುಕುಂ ಸುಪಾರ್ಶ್ವನಿಗೆ ಬಂತು. ಪ್ರತಿಯೊಬ್ಬ ಲೇಖಕನಿಗೆ ಅಂಗಡಿಯಲ್ಲಿ ನಾಲ್ಕು ಬೆರಳು ಅಗಲದ ಜಾಗ ಕಾದಿರಿಸಿ, ಹೆಸರಿನ ಚೀಟಿ ಹಚ್ಚಬೇಕು. ಆ ಜಾಗದಲ್ಲಿ ಬೇರೆ ಪುಸ್ತಕ ಇಟ್ಟರೆ ಅದು ಅತಿಕ್ರಮಣ. ಪುರಾಣಗಳು ಕೆಳಗಿಳಿದವು, ನಾಟಕಗಳು ಅಟ್ಟ ಏರಿದವು, ಪಂಚಾಂಗಗಳನ್ನು ಸುಪಾರ್ಶ್ವ ಮನೆಗೆ ಒಯ್ದು ಹೆಂಡತಿಯ ಬೇಳೆಯ ಗಡಿಗೆಗಳ ಸಾಲಿನಲ್ಲಿಟ್ಟ. ಅಂಗಡಿಯ ಮೂರೂ ಗೋಡೆಗಳ ತುಂಬ ಖಾಲಿ ಜಾಗ ನಿಂತಿತು. ದಿನಾ ಮುಂಜಾನೆ ಆತ ಅದರ ಧೂಳು ಹೊಡೆಯುತ್ತಿದ್ದ. ಲೇಖಕರು ಹೆಂಡತಿಯರನ್ನು ಕರೆತಂದು ತಮ್ಮ ತಮ್ಮ ಜಾಗ ತೋರಿಸುತ್ತಿದ್ದರು. ಆಚೆಯವನ ಚೀಟಿ ತನ್ನ ಕಡೆ ಅರ್ಧ ಬೆರಳು ಸರಿದಿದೆಯೆಂದು ಇಬ್ಬರು ಅಣ್ಣತಮ್ಮಂದಿರು ಒಂದು ಸಲ ಕೈ ಕೈ ಮಿಲಾಯಿಸಿದರು. ಅಂದಾನೆಪ್ಪನವರು ಹಗ್ಗ ಹಿಡಿದು ಬಂದು ಅಳೆದು, ದೂರು ನಿಜವೆಂದು ಕಂಡುಬಂದದ್ದರಿಂದ ಸುಪಾರ್ಶ್ವನಿಗೆ ತಾಕೀತು ಕೊಟ್ಟರು.

ಅಳೆಯುವಾಗಲೇ ಅವರ ಕಣ್ಣಿಗೆ ಶಂಕ್ರೆವ್ವನ ಪುಸ್ತಕ ಬಿತ್ತು. ಚೀಟಿ ಇಲ್ಲದ ಜಾಗದಲ್ಲಿ ಒಂದು ಖರೇ ಪುಸ್ತಕ. ಸುಪಾರ್ಶ್ವ ಆಕೆಯನ್ನು ಕರೆದುಕೊಂಡು ಖಾತೆಗೆ ಹೋದ. ಆಕೆ ನೀಲಿ ಹತ್ತಿದ ಕೈ ಸೆರಗಿನಲ್ಲಿ ಮುಚ್ಚಿಕೊಂಡು ನಿಂತಳು.

ಅಂದಾನೆಪ್ಪನವರು ಕೇಳಿದ್ದು ಒಂದೇ, ಹುಟ್ಟಿದ್ದೆಲ್ಲಿ. ಆಕೆ ರನ್ನ ಬೆಳಗಲಿ ಎಂದಳು. ಅದು ಬೇರೆ ಸಂಸ್ಥಾನದ ಊರು.

“ಹಂಗಾರ ಇದು ಪರಸ್ಥಳದ ಪುಸ್ತಕ ಆತು,” ಎಂದರು.

“ಬರದದ್ದು ಇಲ್ಲೇರಿ,” ಎಂದಳು ಶಂಕ್ರೆವ್ವ. “ನಾಲ್ವತ್ತು ವರ್ಷ ಇಲ್ಲೀ ನೀರಿನಾಗ ಕೈ ಅದ್ದೇನಿ.”

“ನೀರು ಸ್ಥಳೀಕ ಅದ. ಅದರ ಬಗ್ಗೆ ಖಾತೆದ ತಕರಾರು ಇಲ್ಲ. ಕೈ ಪರಸ್ಥಳದ್ದು.”

ಪುಸ್ತಕದ ಪ್ರತಿಗಳೆಲ್ಲ ಜಪ್ತಾದವು. ಅಂದಾನೆಪ್ಪನವರು ಅವನ್ನು ಹಳೆಯ ಅಭ್ಯಾಸದಂತೆ ಕೊಂಡವಾಡೆಯಲ್ಲಿ ಕಟ್ಟಿಸಿದರು. ವಾರಸುದಾರರು ಬಂದರೆ ಬಿಟ್ಟುಕೊಡಲಾಗುವುದೆಂದು ಬಾಗಿಲ ಮೇಲೆ ಬರೆಸಿದರು. ಶಂಕ್ರೆವ್ವ ಎರಡು ಸಲ ಹೋಗಿ ಬಂದಳು. ವಾರಸುದಾರಳು ಸ್ಥಳೀಕಳಿರಬೇಕೆಂದು ಅಲ್ಲಿಯ ಸಿಪಾಯಿ ಹೇಳಿದ. ಸುಪಾರ್ಶ್ವ ನಾಲ್ಕು ಅರ್ಜಿ ಬರೆದ. ಖಾತೆಯವರು ಅರ್ಜಿಗಳ ಕೈಬರಹ ಚೆನ್ನಾಗಿದೆಯೆಂದು ಮೆಚ್ಚಿ, ಬರೆದವನು ತೇರದಾಳದಲ್ಲಿ ಹುಟ್ಟಿದ್ದಕ್ಕಾಗಿ ಅವನ್ನು ತಿರಸ್ಕರಿಸಿದರು.

ಮಳೆಗಾಲ ಮುಗಿಯಿತು. ಪಾಹುಣೆಯವರು ಬರುವ ಕಾಗದ ಬಂತು. ಅಂದಾನೆಪ್ಪನವರು ಅಂಗಡಿಗೆ ಬಂದು ಗೋಡೆಗಳನ್ನು ನೋಡುತ್ತ ಬಹಳ ಹೊತ್ತು ಕೂತರು. ಲೇಖಕರು ಇನ್ನೂರಾ ಹದಿನಾಲ್ಕು ಇದ್ದಾರೆ, ಅದು ಸರಿ. ಪಾಹುಣೆಯವರು ಯಾವುದಾದರೊಂದನ್ನು ಕೈಗೆತ್ತಿಕೊಳ್ಳುತ್ತೇನೆಂದರೆ ಏನು ಮಾಡುವುದೆಂದು ಅವರು ಸುಪಾರ್ಶ್ವನನ್ನೇ ಕೇಳಿದರು. ಉತ್ತರ ಅವರಿಗೇ ಹೊಳೆಯಿತು. ಕೊಂಡವಾಡೆಯಲ್ಲಿ ವಾರಸುದಾರರಿಲ್ಲದ ಒಂದು ಪುಸ್ತಕ ಇದೆ. ಮಾಸ್ತರರನ್ನೂ ಬಸಗೊಂಡಪ್ಪನವರನ್ನೂ ಬಿಟ್ಟರೆ, ಪುಸ್ತಕವಿಲ್ಲದ ಇನ್ನೂರಾ ಹನ್ನೆರಡು ವಾರಸುದಾರರು ಇದ್ದಾರೆ.

ಅದನ್ನೇ ಪ್ರತಿಯೊಬ್ಬರ ಹೆಸರಿನಲ್ಲಿ ಸರಕಾರಿ ಛಾಪಖಾನೆಯಲ್ಲಿ ಅಚ್ಚು ಹಾಕಿಸುವುದೆಂದು ಗೊತ್ತಾಯಿತು. ಎಲ್ಲ ಒಂದೇ ಆದರೆ ಕೃತಿಚೌರ್ಯದ ಆರೋಪ ಬಂದೀತೆಂದು, ಪ್ರತಿ ಲೇಖಕನೂ ಎಲ್ಲಿಯಾದರೂ ಒಂದು ಮಾತು ಬದಲಿಸತಕ್ಕದ್ದೆಂದು ಕಲಮು ಸೇರಿಸಿದರು. ಬದಲಿಸಲು ಜಪ್ತಾದ ಪ್ರತಿಗಳನ್ನೇ ಕೈಗೆ ಕೊಟ್ಟರು. ಅವು ಗಿರಾಕಿಗಳು ನಿಂತು ಮಗಚಿ ನೋಡಿದ ಪ್ರತಿಗಳು. ಬಿಚ್ಚಿದರೆ ತಾವಾಗಿಯೇ ಹತ್ತೊಂಬತ್ತನೆಯ ಪುಟಕ್ಕೆ ಬಿಚ್ಚುತ್ತಿದ್ದವು. ಆದ್ದರಿಂದ ಎಲ್ಲರೂ ಬದಲಿಸಿದ್ದು ಅದನ್ನೇ. ಒಬ್ಬ ಪಟಿಕ ಹೆಚ್ಚಿಸಿದ, ಒಬ್ಬ ಇಳಿಸಿದ. ಅಳಲೆಕಾಯಿಯ ವಾಸನೆ ಸೇರದ ಒಬ್ಬ ಏಲಕ್ಕಿ ಎಂದು ಬರೆಸಿದ.

ಸುಪಾರ್ಶ್ವ ಇದನ್ನು ತಾನೇ ಹೋಗಿ ಶಂಕ್ರೆವ್ವನಿಗೆ ಹೇಳಬೇಕೆಂದು ಹೋದ. ಹಿತ್ತಲಿನ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿ ತಲೆ ತಗ್ಗಿಸಿದ. ಆಕೆ ಹಂಡೆಯಲ್ಲಿ ಕೋಲು ಆಡಿಸುತ್ತಲೇ ಇದ್ದಳು.

“ಹೆಸರು ಹೋದರ ಹೋಗಲಿ,” ಎಂದಳು ಕೊನೆಗೆ. “ಅಳತಿ ಯಾಕ ಮುಟ್ಟಿದರು?”

ಪಾಹುಣೆಯವರು ಬಂದರು. ತುಂಬಿದ ಗೋಡೆಗಳನ್ನು ನೋಡಿದರು. ಇಡೀ ಊರು ಒಂದೇ ವಿಷಯದಲ್ಲಿ ಇಷ್ಟು ಆಳವಾಗಿ ಚಿಂತಿಸುತ್ತಿರುವುದನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದು ಹೇಳಿ, ಹಾರ ಹಾಕಿಸಿಕೊಂಡು ಹೋದರು. ಅಂದಾನೆಪ್ಪನವರ ತಲೆಗೆ ರೇಷ್ಮೆ ಪಟಕಾ ಸಂದಿತು.

ನೇಕಾರರು ಈಗ ತಮ್ಮ ತಮ್ಮ ಪುಸ್ತಕದ ಪ್ರಕಾರ ಬಣ್ಣ ಹಾಕತೊಡಗಿದರು. ಸ್ವಂತ ಪುಸ್ತಕ ಇರುವಾಗ ಬೇರೆಯವರನ್ನು ಕೇಳುವುದು ಅವಮಾನ. ದೀಪಾವಳಿಯ ಸೀರೆಗಳು ಹುನ್ನೂರ, ಲೋಕಾಪುರಗಳಿಗೆ ಹೋದವು. ಅಭ್ಯಂಜನ ಮಾಡಿ ಉಟ್ಟ ಹೆಂಗಸರ ಬೆನ್ನು, ಮೈದುನರ ಪಂಚೆ, ಪಕ್ಕದಲ್ಲಿ ಒಣಹಾಕಿದ ಹಾಸಿಗೆ ಎಲ್ಲ ಕೆಂಪಾದವು. ವ್ಯಾಪಾರಸ್ಥರು ಗಂಟುಗಳನ್ನು ಹೊತ್ತು ತಂದು ಪೇಟೆಯಲ್ಲಿ ಸುರಿದರು. ಮಗ್ಗಗಳು ನಿಂತವು. ಮೊದಲ ಸಲ ಲೇಖಕರ ಮುಖದಲ್ಲಿ ಕಳವಳ ಕಾಣಿಸಿತು.

ಖಾತೆಯವರು ತಪಾಸಣೆ ನಡೆಸಿ ಇನ್ನೂರಾ ಹನ್ನೆರಡೂ ಪುಸ್ತಕಗಳ ಪ್ರಕಾರ ಒಂದೊಂದು ಎಳೆ ಬಣ್ಣ ಹಾಕಿಸಿ ತೊಳೆಸಿದರು. ಒಂದೇ ಒಂದು ಎಳೆ ಕೆಂಪಾಗಿ ಉಳಿಯಿತು. ಅದು ಹಾಲಸಿದ್ದಪ್ಪನ ಪುಸ್ತಕದ್ದು. ಬರೆಯಲು ಬಾರದ ಕಾರಣ ಅವನು ಹತ್ತೊಂಬತ್ತನೆಯ ಪುಟದ ಅಂಚಿಗೆ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದ. ಛಾಪಖಾನೆಯವರು ಅದನ್ನೇ ಬದಲಾವಣೆಯೆಂದು ಅಚ್ಚು ಹಾಕಿದ್ದರು.

ಹಾಲಸಿದ್ದಪ್ಪನಿಗೆ ‘ವರ್ಣಶಾಸ್ತ್ರಜ್ಞ’ ಎಂಬ ಬಿರುದು ಕೊಟ್ಟು, ಇನ್ನು ಮುಂದೆ ಬಣ್ಣದ ಬಗೆಗಿನ ಎಲ್ಲ ಪ್ರಶ್ನೆಗಳನ್ನು ಅವನನ್ನೇ ಕೇಳತಕ್ಕದ್ದು, ನೋಂದಣಿ ಇಲ್ಲದವರು ಉತ್ತರಿಸತಕ್ಕದ್ದಲ್ಲ ಎಂದು ಡಂಗುರವಾಯಿತು. ಅವನು ಸುಪಾರ್ಶ್ವನ ಅಂಗಡಿಗೆ ಬಂದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಬೆವರಿದ.

“ನನ್ನ ಪುಸ್ತಕದಾಗ ಏನೈತ್ರಿ ಅಣ್ಣಾರ?” ಎಂದು ಕೇಳಿದ.

ಸುಪಾರ್ಶ್ವ ಓದಿ ಹೇಳಿದ. ಕೇಳಿ ಮುಗಿಸಿದ ಮೇಲೆ ಹಾಲಸಿದ್ದಪ್ಪ, ಇದನ್ನು ಬರೆದವರು ಶಾಣ್ಯಾರು ಎಂದ. ಪುಸ್ತಕದಲ್ಲಿ ಇಲ್ಲದ್ದನ್ನು ಜನ ಕೇಳಿದರೆ ಯಾರ ಹತ್ತಿರ ಹೋಗಬೇಕು ಎಂಬುದನ್ನೂ ಅವನಿಗೆ ಸುಪಾರ್ಶ್ವ ಹೇಳಿಕೊಟ್ಟ.

ಚಳಿಗಾಲದ ಒಂದು ಮುಂಜಾನೆ ಸುಪಾರ್ಶ್ವ ಶಂಕ್ರೆವ್ವನ ಮನೆಗೆ ಹೋಗಿದ್ದಾಗ ಹಿತ್ತಲಲ್ಲಿ ಹಂಡೆ ಕುದಿಯುತ್ತಿತ್ತು. ಕೆಂಪು ಯಾಕೋ ಕಂದಿತ್ತು. ಸೊಸೆ ಗುರುಬಸವ್ವ ಅತ್ತೆಯ ಮುಖ ನೋಡಿದಳು. ನೋಂದಣಿ ಇಲ್ಲದ ಅತ್ತೆ ಕೋಲು ಆಡಿಸುತ್ತ ಮುಂಬಾಗಿಲ ಕಡೆ ಕಣ್ಣು ಹಾಯಿಸಿದಳು. ಗುರುಬಸವ್ವ ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಮುಂಬಾಗಿಲಿನಿಂದ ಹೊರಟು ಎರಡು ಓಣಿ ದಾಟಿ ಹಾಲಸಿದ್ದಪ್ಪನ ಮನೆಗೆ ಹೋಗಿ ಕೇಳಿದಳು. ಹಾಲಸಿದ್ದಪ್ಪ ಆಕೆಯನ್ನು ಅಂಗಳದಲ್ಲಿ ಕೂಡಲು ಹೇಳಿ, ವಿಚಾರ ಮಾಡಿ ಬರುತ್ತೇನೆಂದು ಎದ್ದು, ಸಂದಿ ಹಿಡಿದು ಬಂದು ಶಂಕ್ರೆವ್ವನ ಹಿತ್ತಲ ಬಾಗಿಲಲ್ಲಿ ನಿಂತ.

“ಸುಣ್ಣದ ನೀರು ಒಂದ್ ಸೇರು ಹಾಕಂತ ಹೇಳು,” ಎಂದಳು ಶಂಕ್ರೆವ್ವ.

ಹಾಲಸಿದ್ದಪ್ಪ ಹಿಂತಿರುಗಿದ. ಸ್ವಲ್ಪ ಹೊತ್ತಿಗೆ ಗುರುಬಸವ್ವ ಏದುಸಿರು ಬಿಡುತ್ತ ಮುಂಬಾಗಿಲಿನಿಂದ ಒಳಗೆ ಬಂದು, ಲೇಖಕರು ಒಂದು ಸೇರು ಸುಣ್ಣದ ನೀರು ಹಾಕಲು ಹೇಳಿದ್ದಾರೆಂದಳು. ಶಂಕ್ರೆವ್ವ ಅಳೆದಿಟ್ಟುಕೊಂಡಿದ್ದ ನೀರನ್ನು ಹಂಡೆಗೆ ಸುರಿದಳು.