ಮಾಮಾನ ಮುಂದೆ ‘ಬ್ಯಾಡ’ ಅನ್ನಬಾರದು

ನನ್ನ ಸೋದರಮಾವನಂಥ ಅಪಾಯದ ಮನುಷ್ಯ ಇಡೀ ರೋಣ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಯಾಕೆಂದರೆ ನೀವು ಹೇಳಿದ್ದನ್ನು ಅವನು ನಂಬಿಬಿಡುತ್ತಾನೆ!

ಹುಟ್ಟಿದ್ದು ಜಕ್ಕಲಿಯಲ್ಲಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಬೆಳೆದದ್ದು ನರೇಗಲ್ಲಿನ ನಮ್ಮ ಮನೆಯಲ್ಲಿ, ಅಕ್ಕನ, ಅಂದರೆ ನನ್ನ ಅವ್ವನ ಕೈಯಲ್ಲಿ. ಮಂದಿಯ ಮನೆಯಲ್ಲಿ ಏನು ಕೊಟ್ಟರೂ ಎರಡು ಸಲ ಬೇಡವೆಂದು ಮೂರನೆಯದಕ್ಕೆ ಕೈಯೊಡ್ಡಬೇಕೆಂದು ಕಲಿಸಿದವಳೂ ಅವ್ವನೇ. ಈ ವಿದ್ಯೆ ಕಟ್ಟಿಕೊಂಡು ಮಾಮಾ ಹಾಲೆಂಡಿಗೆ ಹೋದ, ಗಾಜಿನ ಮನೆಯಲ್ಲಿ ಹೂ ಬೆಳೆಯುವ ಕೆಲಸಕ್ಕೆ.

ಮೊದಲ ವಾರವೇ ಯಜಮಾನಿ ಊಟಕ್ಕೆ ಕರೆದು ಬ್ರೆಡ್ಡಿನ ಬುಟ್ಟಿ ಮುಂದೆ ಹಿಡಿದಳಂತೆ. ಇವನು ಬೇಡ ಎಂದ. ಬುಟ್ಟಿ ಮುಂದಿನವರಿಗೆ ಹೋಯಿತು, ಮತ್ತೆ ಬರಲೇ ಇಲ್ಲ! ಸಾರೂ ಹಾಗೇ ಹೋಯಿತು. ಪಾಪ, ರೂಮಿಗೆ ಬಂದು ತಂಬಿಗೆ ತುಂಬ ನೀರು ಕುಡಿದನಂತೆ. ಎರಡನೇ ಸಲ ಕೇಳದ ದೇಶವೂ ಒಂದು ದೇಶವೇ?

ಆದರೆ ಅಲ್ಲೇ ಇಪ್ಪತ್ತು ವರ್ಷ ಕಳೆದ ಮೇಲೆ ಅವನಿಗೆ ಅದೇ ಹಿಡಿಸಿತು. “ಅಲ್ಲೆ ಬ್ಯಾಡ ಅಂದ್ರ ಬ್ಯಾಡ ನೋಡವಾ. ಎದುರಿಗಿನವರ ಹೊಟ್ಟ್ಯಾಗ ಏನೈತಿ ಅಂತ ಹುಡುಕೂದ ಇಲ್ಲ. ಜೀವಕ್ಕ ಎಷ್ಟ ಹಗುರ ಗೊತ್ತೇನು?” ಎನ್ನುತ್ತಿದ್ದ.

ಒಮ್ಮೆ ಅವನು ರಜೆಗೆ ಬಂದಾಗಲೇ ನನ್ನ ತಂಗಿಯನ್ನು ನೋಡಲು ಗಜೇಂದ್ರಗಡದವರು ಆರು ಮಂದಿ ಬಂದರು. ಉಪ್ಪಿಟ್ಟಿನ ತಾಟು ತಂದವನು ಮಾಮಾ. “ತಿಂತೀರೇನ್ರಿ?”

“ಬ್ಯಾಡ್ರಿ, ಈಗರ ಉಂಡ ಬಂದೇವಿ.”

ಆರೂ ತಾಟು ತಿರುಗಿ ಒಳಗೆ! ಬೀಗರ ಕಣ್ಣುಗಳು ತಾಟಿನ ಹಿಂದೆ ಅಡುಗೆಮನೆಯವರೆಗೂ ಹೋದವು. ಅವ್ವ ಹಣೆ ಹಣೆ ಬಡಿದುಕೊಂಡಳು. “ತಮ್ಮಾ, ಹಸಿದ ಬಂದಾರೋ!”

“ಹಂಗಾರ ಹೂಂ ಅನ್ನಲಿ. ಸುಳ್ಳ್ಯಾಕ ಹೇಳಬೇಕು?”

ಪುಣ್ಯಕ್ಕೆ ಸಂಬಂಧ ಕುದುರಿತು. ಆದರೆ ಆ ಬೀಗರು ಇವತ್ತಿಗೂ ನಮ್ಮ ಹೊಸ್ತಿಲು ದಾಟುವಾಗಲೇ “ಹೂಂ, ತರ್ರಿ” ಎನ್ನುತ್ತಾರೆ!

ಎಷ್ಟು ನಕ್ಕಿದ್ದೇವೆ ನಾವು! ಅಷ್ಟು ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ಮಾಮಾ ಫೋನಿನಲ್ಲಿ ಮುಖ ತೋರಿಸಿ ಕೇಳಿದ. “ಅಕ್ಕಾ, ಬರ್ಲೇನು?”

“ಬ್ಯಾಡಪಾ. ಕೆಲಸಾ ಬಿಟ್ಟು ಅಷ್ಟ ದೂರದಿಂದ ಯಾಕ? ನಾ ಚಲೋ ಅದೇನಿ.”

“ಖರೇನ?”

“ಖರೇ.”

ಫೋನು ಹಿಡಿದವಳು ನಾನು. ಅದನ್ನು ಕೆಳಗಿಡುತ್ತಿದ್ದಂತೆ ಅವ್ವ ಕೇಳಿದಳು. “ಅಲ್ಲಿಂದ ಬರಾಕ ಎಷ್ಟ ತಾಸು ಹಿಡೀತಾವ?” ಆಮೇಲೆ ಹಾಸಿಗೆಯನ್ನು ಬಾಗಿಲ ಕಡೆಗೆ ತಿರುಗಿಸೆಂದಳು. ನಾಲ್ಕು ದಿನ ಹಾಗೇ ಮಲಗಿದ್ದಳು, ಹೊರಗೆ ಗಾಡಿ ನಿಂತ ಸದ್ದಾದರೆ ಕತ್ತೆತ್ತುತ್ತಿದ್ದಳು.

ಒಂದು ಫೋನು ಮಾಡಿದ್ದರೆ ಸಾಕಿತ್ತು. “ಮಾಮಾ, ಬಾ” ಎನ್ನಲು ಎಷ್ಟು ಹೊತ್ತು? ನಾನು ಮಾಡಲಿಲ್ಲ. ಸಾಕಿದ ಅಕ್ಕನ ಮಾತಿನ ಅರ್ಥ ಅವನಿಗೇ ತಿಳಿಯಬೇಕು, ನಾನ್ಯಾಕೆ ಹೇಳಿಕೊಡಬೇಕು ಎಂಬ ಹಟ ನನಗೆ. ಐದನೆಯ ದಿನ ಬೆಳಿಗ್ಗೆ ಅವ್ವ ಹೋಗಿಬಿಟ್ಟಳು.

ಮಾಮಾ ಬರುವಷ್ಟರಲ್ಲಿ ಮಣ್ಣೂ ಮುಗಿದಿತ್ತು. ಖಾಲಿ ಮಂಚದ ಅಂಚಿನಲ್ಲಿ ಕೂತು ಕೇಳಿದ. “ಅಕ್ಕ ನನ್ನ ದಾರಿ ನೋಡಿದ್ಲೇನವಾ?”

“ಇಲ್ಲ ಮಾಮಾ,” ಎಂದೆ.

ಅವನು ನಂಬಿದ. ನನ್ನ ತಲೆಯ ಮೇಲೆ ಕೈಯಿಟ್ಟು, “ಹಂಗಾರ ಚಲೋ ಆತವಾ,” ಎಂದ.