ನಾನು ನಿಮ್ಮ ಅಜ್ಜನ ಚಾಳೀಸಾಗಿದ್ದ ಕಾಲ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಕಡೆ ‘ಹೆಂಡತಿಯನ್ನು ಒಂದು ಗಳಿಗೆ ಬಿಟ್ಟಿರಲಾರದ ಗಂಡ’ ಎಂದು ಯಾರಾದರೂ ಹೆಸರಾಗಿದ್ದರೆ ಅದು ನಿಮ್ಮ ಅಜ್ಜ! ಹೊಲಿಗೆ ಮಷೀನಿನ ರಿಪೇರಿಗೆ ಹೋದರೂ ಹೆಂಡತಿ ಜೊತೆಗೆ, ಬಸ್ಸಿನಲ್ಲಿ ಕೂತರೂ ಹೆಂಡತಿ ಬಾಜೂಕ್ಕೆ. ಹೆಂಗಸರು ತಮ್ಮ ಗಂಡಂದಿರಿಗೆ ನಮ್ಮಿಬ್ಬರನ್ನು ಬೆರಳು ಮಾಡಿ ತೋರಿಸಿ ಚುಚ್ಚುತ್ತಿದ್ದರು. ಮಕ್ಕಳೇ, ಇವತ್ತು ಒಂದು ಗುಟ್ಟು ಹೇಳುತ್ತೇನೆ. ಅವರು ಬಿಟ್ಟಿರಲಾರದ್ದು ನನ್ನನ್ನಲ್ಲ, ನನ್ನ ಎರಡು ಕಣ್ಣುಗಳನ್ನು!

ಅವರ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಕಾಗದದ ಮೇಲೆ ಬರೆಯಲು ಹೋದರೂ ಕೈ ಏಳುತ್ತಿಲ್ಲ. ‘ಅಜ್ಜ’ ಎಂದರೆ ನಿಮಗೆ ತಿಳಿಯುತ್ತದಲ್ಲ, ಸಾಕು.

ನಮ್ಮ ಮನೆ ಮೂಡಲಗಿಯಲ್ಲಿ. ಅಜ್ಜ ಊರೂರು ತಿರುಗಿ ಹೊಲಿಗೆ ಮಷೀನು ರಿಪೇರಿ ಮಾಡುವ ಮಿಸ್ತ್ರಿ. ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಮುಂಜಾನೆ ಎಂಟೂವರೆಯ ಬಸ್ಸು ಹತ್ತಿದರೆ ತಿರುಗಿ ಬರುವುದು ಸಂಜೆಗೆ. ಮಾತು ಬಹಳ ಕಡಿಮೆ. ಅಂದರೆ ನನ್ನ ಜೊತೆ ಕಡಿಮೆ! ಮಷೀನುಗಳ ಜೊತೆ ಬೇಕಾದಷ್ಟು ಮಾತಾಡುತ್ತಿದ್ದರು. “ಯಾಕವ್ವಾ, ಏನಾತು ನಿನಗ? ಯಾರು ಏನಂದ್ರು?” ಎಂದು ಕೆಟ್ಟ ಮಷೀನಿನ ಬೆನ್ನು ಸವರುತ್ತಿದ್ದರು. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಆ ಪ್ರಶ್ನೆಯನ್ನು ನನಗೆ ಒಮ್ಮೆಯೂ ಕೇಳಿರಲಿಲ್ಲ. ನಾನೂ ಒಮ್ಮೆ ಕೆಟ್ಟು ನಿಲ್ಲಬೇಕಾಗಿತ್ತೋ ಏನೋ! ನಿಮ್ಮ ಅವ್ವ ಗಂಡನ ಮನೆಗೆ ಹೋದ ಮೇಲಂತೂ ದಿನವೆಲ್ಲ ಮನೆಯಲ್ಲಿ ನಾನು ಮತ್ತು ನೀರಿನ ಹಂಡೆ. ಕೆಲವು ಮಧ್ಯಾಹ್ನ ನನ್ನ ದನಿ ಇನ್ನೂ ಇದೆಯೋ ಇಲ್ಲವೋ ನೋಡೋಣವೆಂದು ಹಂಡೆಯೊಳಗೆ ಬಗ್ಗಿ “ಏನ್ರಿ” ಎನ್ನುತ್ತಿದ್ದೆ. ಹಂಡೆಯಾದರೂ ತಿರುಗಿ “ಏನ್ರಿ” ಎನ್ನುತ್ತಿತ್ತು.

ಅಜ್ಜನಿಗೆ ಐವತ್ತು ಸಮೀಪಿಸಿದಾಗ ಕಣ್ಣು ಮೋಸ ಮಾಡತೊಡಗಿತು. ದೂರದ್ದೆಲ್ಲ ಸ್ಪಷ್ಟ. ಬಸ್ಸು ಇನ್ನೂ ಮೈಲುದೂರ ಇರುವಾಗಲೇ ಯಾವ ಊರಿನದೆಂದು ಹೇಳುತ್ತಿದ್ದರು. ಅಂಗೈಯಲ್ಲಿರುವ ಇಸ್ಕ್ರೂ ಮಾತ್ರ ಕಾಣುತ್ತಿರಲಿಲ್ಲ! ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಮರಾಠಿಯಲ್ಲಿ ಚಾಳೀಸ ಎಂದರೆ ನಲವತ್ತು, ನಲವತ್ತಕ್ಕೆ ಬರುವುದೆಂದು ಆ ಹೆಸರು. ಅಜ್ಜ ಅದನ್ನು ಹಾಕಲು ಸುತಾರಾಂ ಒಪ್ಪಲಿಲ್ಲ.

“ಚಾಳೀಸು ಹಾಕ್ಕೊಂಡ ಮಿಸ್ತ್ರಿ ಅಂದ್ರ ಕುಂಟ ಎತ್ತ ಇದ್ದಂಗ. ಯಾರು ಹೂಡ್ತಾರ?” ಎನ್ನುತ್ತಿದ್ದರು. ಕಣ್ಣು ಹೋಗಿದೆಯೆಂದು ಒಬ್ಬ ಗಿರಾಕಿಗೆ ಗೊತ್ತಾದರೂ ತನ್ನ ಕಸುಬು ಮುಗಿಯಿತೆಂಬ ಹೆದರಿಕೆ ಅವರಿಗೆ.

ತಪ್ಪೆಲ್ಲ ಬೇರೆಯವರದು. ಸೂಜಿ ಮಾಡುವವರು ಈಗ ತೂತು ಸಣ್ಣದಾಗಿ ಇಡುತ್ತಾರಂತೆ. ಪೇಪರಿನವರು ಶಾಯಿ ಉಳಿಸುತ್ತಾರಂತೆ. ದಾರ ಸುತ್ತಿದ ಬಾಬಿನ್ ಹಿಡಿದ ಕೈ ದಿನದಿನಕ್ಕೆ ಮುಖದಿಂದ ದೂರ ಹೋಯಿತು. ದೇವರು ಮನುಷ್ಯನ ಕೈಗಳನ್ನು ಇನ್ನೊಂದು ಗೇಣು ಉದ್ದ ಮಾಡಿದ್ದರೆ ಲೋಕದಲ್ಲಿ ಚಾಳೀಸಿನ ಅಂಗಡಿಯೇ ಇರುತ್ತಿರಲಿಲ್ಲ!

ನಾವು ಜೈನರು. ಹೊತ್ತು ಮುಳುಗುವ ಮೊದಲೇ ಉಣ್ಣುವ ಪದ್ಧತಿ. ಬೆಳಕು ಸ್ವಲ್ಪ ಕಡಿಮೆಯಾದರೂ ಅಜ್ಜನಿಗೆ ಏನೂ ಕಾಣದು, ಅದನ್ನು ಹೇಳಲಾಗದು. ಆದ್ದರಿಂದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, “ಹೊತ್ತು ಮುಳಗಾಕ ಬಂತು, ನಮ್ಮದು ಊಟದ ಹೊತ್ತರಿ” ಎಂದು ಎದ್ದುಬಿಡುತ್ತಿದ್ದರು. ಮೊದಮೊದಲು ಆರಕ್ಕೆ ಏಳುತ್ತಿದ್ದವರು ಐದಕ್ಕೆ ಏಳತೊಡಗಿದರು. ಆಮೇಲೆ ನಾಲ್ಕೂವರೆ. ಒಂದು ಮೋಡದ ದಿನ ಮೂರೂವರೆಗೇ ಮನೆಗೆ ಬಂದು ತಾಟು ಹಾಕೆಂದರು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ! ಇಡೀ ಜೈನ ಸಮಾಜದಲ್ಲಿ ಸೂರ್ಯ ಮೂರೂವರೆಗೆ ಮುಳುಗುತ್ತಿದ್ದುದು ನಮ್ಮ ಮನೆಯೊಂದರಲ್ಲೇ ಇರಬೇಕು.

ಗುಟ್ಟು ಒಡೆದದ್ದು ಒಂದು ಸಾಸಿವೆ ಕಾಳಿನಿಂದ. ಅಂದು ಅವರು ಮನೆಯಲ್ಲೇ ಕೂತು ಯಾರದೋ ಬಾಬಿನ್ ಡಬ್ಬಿ ಬಿಚ್ಚಿದ್ದರು. ಅದರ ಇಸ್ಕ್ರೂ ಸಾಸಿವೆಯಷ್ಟೇ ಇರುತ್ತದೆ. ನಾನು ಒಗ್ಗರಣೆಯ ಡಬ್ಬಿ ಹಿಡಿದು ಅವರ ಮುಂದಿನಿಂದಲೇ ಹಾದುಹೋಗಿದ್ದೆ. ಅರ್ಧ ತಾಸು ಅವರು ಚಿಮಟಾದಲ್ಲಿ ಏನನ್ನೋ ಹಿಡಿದು, ಬಾಬಿನ್ ಡಬ್ಬಿಗೆ ಕೂರಿಸಿ, ತಿರುಗಿಸಿ, ಬೆವೆತು ಬೈಯುತ್ತಿದ್ದರು.

“ಎಂಥಾ ಮಾಲ ಮಾಡ್ತಾರಪ್ಪಾ! ಇಸ್ಕ್ರೂದ ತಲಿಮ್ಯಾಲೆ ಗೆರಿನ ಕೊರದಿಲ್ಲ!”

ನಾನು ಸುಮ್ಮನಿರಬೇಕಾಗಿತ್ತು. ಇಪ್ಪತ್ತೈದು ವರ್ಷ ಸುಮ್ಮನಿದ್ದವಳು. ಆದರೆ ಬಾಯಿ ತಪ್ಪಿತು.

“ಅದು ಸಾಸಿವಿ ಐತ್ರಿ.”

ಅಜ್ಜ ನನ್ನನ್ನು ನೋಡಿದರು. ಚಿಮಟಾ ನೋಡಿದರು. ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿದರು. “ಹೌದು. ಚಲೋ ಸಾಸಿವಿ” ಎಂದರು! ಆಮೇಲೆ ದನಿ ತಗ್ಗಿಸಿ, “ಇಸ್ಕ್ರೂ ಎಲ್ಲೈತಿ?” ಎಂದು ಕೇಳಿದರು.

“ನಿಮ್ಮ ಮೊಣಕಾಲ ಹತ್ರ.”

“ಹಾಕು ನೋಡೋಣ.”

ಹಾಕಿದೆ. ಒಂದೇ ಸಲಕ್ಕೆ ಕೂತಿತು. ಅವರು ಬಹಳ ಹೊತ್ತು ಆ ಡಬ್ಬಿಯ ಮೇಲೆ ಬೆರಳಾಡಿಸಿ, “ನಾಳಿ ಮಸಗುಪ್ಪಿಗೆ ಹೋಗೂದೈತಿ. ನೀನೂ ನಡಿ” ಎಂದರು. ತವರಿನಿಂದ ಮೂಡಲಗಿಗೆ ಬಂದದ್ದು ಬಿಟ್ಟರೆ ನಾನು ಎಲ್ಲಿಗೂ ಹೋದವಳಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಹೆದರಿಕೆಯಿಂದಲೋ ಹಿಗ್ಗಿನಿಂದಲೋ ಈಗಲೂ ಹೇಳಲಾರೆ.

ಆದರೆ ಪರರ ಮನೆಯಲ್ಲಿ ನಾನು ಅವರಿಗೆ ತೋರಿಸಿಕೊಡುವುದು ಹೇಗೆ? ನಾಲ್ಕು ಜನರ ಮುಂದೆ ನನಗೆ ಬಾಯಿಯೇ ಬಾರದು. ಬಂದರೆ ಅವರ ಗುಟ್ಟು ಹೊರಗೆ! ಅಜ್ಜ ಒಂದು ಉಪಾಯ ಮಾಡಿದರು. ಮಷೀನಿನಲ್ಲಿ ಸೂಜಿ ಕೆಳಗಿಳಿದಾಗ ಒಳಗೆ ತಿರುಗಿ ದಾರ ಹಿಡಿಯುವ ಶಟಲ್ಲಿನ ಮೂತಿ ಅದರ ಬದಿಗೆ ಕೂದಲೆಳೆ ಅಂತರದಲ್ಲಿ ಹಾದುಹೋಗಬೇಕು. ತಪ್ಪಿದರೆ ಸೂಜಿ ಮುರಿಯುತ್ತದೆ. ನಾನು ಅವರ ಹೆಗಲ ಹಿಂದೆ ಕೂತು ನೋಡುವುದು. ಒಮ್ಮೆ ಕೆಮ್ಮಿದರೆ ಸೂಜಿ ಮೇಲಕ್ಕೆ, ಎರಡು ಸಲ ಕೆಮ್ಮಿದರೆ ಕೆಳಕ್ಕೆ. ಸರಿ ಬಂತೆಂದರೆ ಸುಮ್ಮನಿರುವುದು.

ಮಸಗುಪ್ಪಿಯ ಮನೆಯೊಡತಿ ಬಹಳ ಕರುಣೆಯವಳು. ನಾನು ನಾಲ್ಕು ಸಲ ಕೆಮ್ಮುವಷ್ಟರಲ್ಲಿ, “ಅಯ್ಯ ನಮ್ಮವ್ವ, ಏನ ಕೆಮ್ಮ ಇದು! ತಡೀರಿ, ಕಷಾಯ ಮಾಡಿಕೊಡ್ತೀನಿ” ಎಂದು ಒಳಗೆ ಓಡಿದಳು. ಬೇಡವೆನ್ನಲು ನಾಚಿಕೆ. ಕುಡಿದೆ. ಅದರಲ್ಲಿ ಎಷ್ಟು ಮೆಣಸು ಹಾಕಿದ್ದಳೋ, ನೆತ್ತಿಗೇರಿ ಒಂದೇ ಸಮನೆ ಎಂಟು ಸಲ ಕೆಮ್ಮಿದೆ! ಅಜ್ಜ ಎಂಟನ್ನೂ ಲೆಕ್ಕ ಹಿಡಿದು ಸೂಜಿಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಮಾಡಿ ಸೋತುಹೋದರು. ದಾರಿಯಲ್ಲಿ ಸಿಟ್ಟಿನಿಂದ ಕೇಳಿದರು:

“ಎಂಟ ಸಲ ಅಂದ್ರ ಎತ್ತಾಗ?”

“ಅದು ಖರೇ ಕೆಮ್ಮರಿ!”

ಅಜ್ಜ ನಕ್ಕುಬಿಟ್ಟರು. ರಸ್ತೆಯಲ್ಲಿ ನಿಂತು, ಚೀಲ ಕೆಳಗಿಟ್ಟು ನಕ್ಕರು. ಅವರ ಒಂದು ದವಡೆ ಹಲ್ಲು ಮುರಿದಿದೆಯೆಂದು ನನಗೆ ತಿಳಿದದ್ದು ಆವತ್ತೇ!

ಹೀಗೆ ನಮ್ಮ ತಿರುಗಾಟ ಸಾಗಿತು. ಹೆಂಡತಿಯನ್ನೇಕೆ ಕರೆತಂದಿರಿ ಎಂದು ಯಾರಾದರೂ ಕೇಳಿದರೆ, “ಆಕಿಗೆ ಮನ್ಯಾಗ ಬ್ಯಾಸರ ಆಗ್ತೈತ್ರಿ” ಎನ್ನುತ್ತಿದ್ದರು. ಅದನ್ನು ಕೇಳಿ ಅರಭಾವಿಯ ಒಬ್ಬಾಕೆ ಗಂಡನಿಗೆ, “ಕಿವಿ ಅದಾವಿಲ್ಲ ನಿಮಗ? ನಮಗೂ ಬ್ಯಾಸರ ಆಗ್ತೈತಿ!” ಎಂದಳು. ನಾನು ಸೆರಗನ್ನು ಮೂಗಿನವರೆಗೆ ಎಳೆದುಕೊಂಡೆ. ಅವರು ಗಿರಾಕಿಗೆ ಹೇಳುತ್ತಿದ್ದುದು ಸುಳ್ಳು. ಆದರೆ ಆ ಸುಳ್ಳು ಖರೇ ಆಗಿತ್ತಲ್ಲ! ಬಸ್ಸಿನ ಕಿಟಕಿಯಿಂದ ಕಬ್ಬಿನ ಗಾಡಿ ನೋಡಿದೆ, ಹೊಳೆ ನೋಡಿದೆ, ಪುಸ್ತಕ ಎದೆಗವಚಿಕೊಂಡು ನಗುತ್ತ ಬಸ್ಸು ಹತ್ತುವ ಕಾಲೇಜು ಹುಡುಗಿಯರನ್ನು ನೋಡಿದೆ. ಅಜ್ಜ ನಡುವೆ ಒಂದೊಂದು ಮಾತಾಡುತ್ತಿದ್ದರು. ನಾನು ಹಂಡೆಯ ಜೊತೆ ಮಾತಾಡುವುದನ್ನು ಬಿಟ್ಟೆ.

ಎರಡು ವರ್ಷ ಹೀಗೆ ಕಳೆದಾಗ ನಿಮ್ಮ ಅವ್ವ ತವರಿಗೆ ಬಂದಳು. ಅಪ್ಪ ಪೇಪರನ್ನು ಗೋಡೆಗೆ ಆನಿಸಿ ದೂರ ನಿಂತು ಓದುವುದನ್ನು ನೋಡಿ, “ಅಪ್ಪಾ, ನೀ ಚಾಳೀಸು ತಗೊಳ್ಳೂತನಾ ನಾ ಊಟ ಮಾಡಂಗಿಲ್ಲ” ಎಂದು ಹಟ ಹಿಡಿದಳು. ಮಗಳ ಮುಂದೆ ಅಜ್ಜನ ಆಟ ನಡೆಯಲಿಲ್ಲ. ಗೋಕಾಕಕ್ಕೆ ಹೋದೆವು. ಅಂಗಡಿಯೊಳಗೆ ಕಾಲಿಡಲು ನಾಚಿ ನಾನು ಹೊರಗೆ ಚೀಲ ಹಿಡಿದು ನಿಂತೆ. ಅವರು ಕಣ್ಣು ತೋರಿಸಿ ಬಂದು ಒಂದು ಚೀಟಿಯನ್ನು ನನ್ನ ಕೈಗಿತ್ತು, “ಇಟ್ಕೋ” ಎಂದರು.

ಚೀಟಿ ನೋಡಿದೆ. ನಾಲ್ಕನೇ ಇಯತ್ತೆವರೆಗೆ ಕಲಿತವಳು ನಾನು. ಚಾಳೀಸು ಬರುವ ಗುರುವಾರ ಸಿಗುತ್ತದೆಂದು ಚೊಕ್ಕವಾಗಿ ಬರೆದಿತ್ತು. ಗುರುವಾರ! ಅಂದರೆ ಶುಕ್ರವಾರದಿಂದ ನಾನು ಮತ್ತೆ ಮನೆಯಲ್ಲಿ. ಮಕ್ಕಳೇ, ನಿಮಗೆ ಸುಳ್ಳು ಹೇಳಬಾರದೆಂದು ಕಲಿಸಿದ ಇದೇ ಅಜ್ಜಿ, ನಿಮ್ಮ ಆಯಿ, ಆವತ್ತು ಅವರು ಕೇಳದಿದ್ದರೂ ಹೇಳಿದಳು:

“ಒಂದು ತಿಂಗಳ ಹಿಡಿತೈತಂತ್ರಿ.”

“ಹೌದ? ಆಗಲಿ” ಎಂದರು ಅಜ್ಜ.

ಚಾಳೀಸಿಗೆ ಹೇಳಿ ಬಂದೆವೆಂದು ಕೇಳಿ ನಿಮ್ಮ ಅವ್ವ ಉಂಡು, ಮರುದಿನ ಗಂಡನ ಮನೆಗೆ ಹೋದಳು. ತಿಂಗಳು ಕಳೆಯಿತು. “ಇನ್ನೂ ಬಂದಿರಲಿಕ್ಕಿಲ್ಲರಿ” ಎಂದೆ. “ಇರಬಹುದು” ಎಂದರು. ಇನ್ನೊಂದು ತಿಂಗಳೂ ಕಳೆಯಿತು. ಚೀಟಿ ಬೇಳೆಯ ಡಬ್ಬಿಯ ತಳದಲ್ಲಿತ್ತು. ಬೇಳೆ ತೆಗೆಯುವಾಗಲೆಲ್ಲ ಅದನ್ನು ಇನ್ನಷ್ಟು ಕೆಳಕ್ಕೆ ತುರುಕುತ್ತಿದ್ದೆ. ಒಬ್ಬ ಮನುಷ್ಯನಿಗೆ ಕಣ್ಣು ಸಿಗದಂತೆ ಮಾಡುವುದು ಎಂಥ ಪಾಪ!

ಪಾಪದ ಕೊಡ ತುಂಬಿದ್ದು ಹುಕ್ಕೇರಿಯಲ್ಲಿ. ಸಂತೆಯ ದಿನ. ಟೇಲರನ ಅಂಗಡಿಯ ತುಂಬ ಜನ. ನಾನು ಎಂದಿನಂತೆ ಹಿಂದೆ ಕೂತು ಬಗ್ಗಿ ನೋಡಿದೆ. ಸೂಜಿಯೂ ಶಟಲ್ಲಿನ ಮೂತಿಯೂ ಒಂದಕ್ಕೊಂದು ಕಲಸಿ ಹೋಗಿದ್ದವು. ಕಣ್ಣುಜ್ಜಿ ನೋಡಿದೆ. ಹಿಂದೆ ಸರಿದು ನೋಡಿದೆ. ಹಿಂದೆ ಸರಿದರೆ ಸ್ವಲ್ಪ ಕಂಡಿತು! ಅಯ್ಯೋ ದೇವರೇ, ಚಾಳೀಸಿಗೇ ಚಾಳೀಸು ಬಂದಿತ್ತು! ಏನು ಮಾಡಲಿ? ಅಂದಾಜಿನ ಮೇಲೆ ಎರಡು ಸಲ ಕೆಮ್ಮಿದೆ. ಅಜ್ಜ ನಂಬಿ ಸೂಜಿ ಇಳಿಸಿ ಚಕ್ರ ತಿರುಗಿಸಿದರು. ಟಣ್ ಎಂದು ಸೂಜಿ ಮುರಿಯಿತು. ಶಟಲ್ಲಿನ ಮೂತಿಯೂ ಹೋಯಿತು.

“ಏನ್ರಿ ಮಿಸ್ತ್ರಿ ಕಾಕಾ, ಕಣ್ಣ ಕಾಣ್ತಾವಿಲ್ಲ? ನಾಳಿ ಲಗ್ನದ ಕುಪ್ಪಸ ಕೊಡೂದೈತಿ ನಂದು!” ಟೇಲರ್ ಕೂಗಿದ. ಸಂತೆಯ ಜನವೆಲ್ಲ ತಿರುಗಿ ನೋಡಿತು. ಯಾವ ಮಾತಿಗೆ ಅಜ್ಜ ಇಷ್ಟು ವರ್ಷ ಹೆದರಿದ್ದರೋ ಆ ಮಾತು ಹೊರಗೆ ಬಿದ್ದಿತ್ತು.

ನನ್ನ ಕಡೆ ಒಂದು ಸಿಟ್ಟಿನ ನೋಟ ಬಂದೀತೆಂದು ತಲೆ ತಗ್ಗಿಸಿದೆ. ಬರಲಿಲ್ಲ. “ಹೌದಪಾ, ನನ್ನ ಕಣ್ಣ ಕಾಣಂಗಿಲ್ಲ. ಹೊಸಾ ಶಟಲ್ ಐತಿ ನನ್ನ ಹತ್ರ, ಹಾಕ್ಕೊಡ್ತೀನಿ” ಎಂದರು. ಟೇಲರನೇ ಮುಂದೆ ಬಗ್ಗಿ ಹೇಳಿಕೊಟ್ಟ, ಅಜ್ಜ ಕೂರಿಸಿದರು. ನಾನು ಒಂದು ಮೂಲೆಯಲ್ಲಿ ನಿಂತಿದ್ದೆ.

ತಿರುಗಿ ಬರುವ ಬಸ್ಸಿನಲ್ಲಿ ತಡೆಯಲಾಗಲಿಲ್ಲ. ಗುರುವಾರದ್ದು, ಚೀಟಿಯದು, ಬೇಳೆ ಡಬ್ಬಿಯದು ಎಲ್ಲ ಹೇಳಿ ಅತ್ತುಬಿಟ್ಟೆ. ಅಜ್ಜ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

“ಗೊತ್ತಿತ್ತು” ಎಂದರು.

“ಹ್ಯಾಂಗರಿ?”

“ಗುರುವಾರ ಬರ್ರಿ ಅಂತ ಅಂಗಡಿಯಾಂವ ಬಾಯಲೇ ಹೇಳಿದ್ದ. ಹೋದದ್ದು ನನ್ನ ಕಣ್ಣ, ಕಿವಿ ಅಲ್ಲ.”

“ಮತ್ತ ಯಾಕ ಸುಮ್ಮನ ಇದ್ರಿ?”

ಅವರು ಎದ್ದು ಕಿಟಕಿಯ ಬದಿಯ ಜಾಗವನ್ನು ನನಗೆ ಬಿಟ್ಟುಕೊಟ್ಟರು. ಅವರ ಮಾತು ಹೇಗೆಂದು ನನಗೆ ಗೊತ್ತಿಲ್ಲವೇ?

ಆ ವಾರವೇ ಗೋಕಾಕಕ್ಕೆ ಹೋದೆವು. ಈ ಸಲ ನನ್ನನ್ನೂ ಒಳಗೆ ಕರೆದರು. ನನ್ನ ಕಣ್ಣನ್ನೂ ತೋರಿಸಿದರು. ಅವರ ಚಾಳೀಸು ಅಂದೇ ಸಿಕ್ಕಿತು. ಮರುದಿನ ಮುಂಜಾನೆ ಅದನ್ನು ಹಾಕಿಕೊಂಡು ಹೊರಗೆ ಕೂತು ಒಂದೊಂದೇ ಇಸ್ಕ್ರೂ ಎತ್ತಿ ನೋಡಿ ಡಬ್ಬಿಗೆ ಹಾಕುತ್ತಿದ್ದರು. ಎಲ್ಲ ಕಾಣುತ್ತಿತ್ತು ಅವರಿಗೆ. ನಾನು ಅಡಿಗೆಮನೆಯಲ್ಲೇ ಉಳಿದೆ. ಒಬ್ಬರಿಗಾಗುವಷ್ಟೇ ರೊಟ್ಟಿ ಕಟ್ಟಿದೆ. ಚೀಲ ಹೆಗಲಿಗೆ ಏರಿದ ಸಪ್ಪಳ ಕೇಳಿತು. ಚಪ್ಪಲಿ ಮೆಟ್ಟಿದ್ದು ಕೇಳಿತು. ಆಮೇಲೆ ಬಾಗಿಲಿನಿಂದ ದನಿ ಬಂತು.

“ಬಸ್ಸಿನ ಹೊತ್ತಾತು. ಇನ್ನೂ ಸೀರಿ ಉಟ್ಟಿಲ್ಲೇನು?”

ಅಂದಿನಿಂದ ಅವರು ಇರುವವರೆಗೆ, ಏಳು ವರ್ಷ, ಎಂಟೂವರೆಗೆ ನಾನು ಸೀರೆ ಉಟ್ಟು ತಯಾರಾಗಿರುತ್ತಿದ್ದೆ. ಅವರು ಹೋದ ಮೇಲೂ ಆ ರೂಢಿ ಬಿಟ್ಟಿಲ್ಲ. ನೀವು ರಜೆಗೆ ಬಂದಾಗ ಕೇಳುತ್ತೀರಿ: “ಆಯಿ, ಮುಂಜಾನೆದ್ದು ಚಲೋ ಸೀರಿ ಉಟ್ಕೊಂಡು ಎಲ್ಲಿ ಹೊಂಟಿ?” ಎಲ್ಲಿಗೂ ಇಲ್ಲ, ಮಕ್ಕಳೇ. ಆ ಬಸ್ಸು ಹೋಗುವವರೆಗೆ ಕೂತಿರುತ್ತೇನೆ, ಅಷ್ಟೇ.