ಅಜ್ಜಿಯ ಕೆಂಪಿನ ಓಲೆ ಮತ್ತು ನನ್ನ ಹುಣಸೆನೀರು

ಮಾನ್ಯ ಓದುಗರ ಅವಗಾಹನೆಗೆ ಸವಿನಯವಾಗಿ ತರಬಯಸುವುದೇನೆಂದರೆ, ಹಿತ್ತಾಳೆ ಪಾತ್ರೆ ಬೆಳಗುವುದರಲ್ಲಿ ತುಮಕೂರಿನ ನಮ್ಮ ಬೀದಿಯಲ್ಲಿ ನನಗೆ ಒಳ್ಳೆಯ ಹೆಸರಿದೆ. ಹುಣಸೆಹಣ್ಣು ಕಿವುಚಿದ ಬಿಸಿನೀರಿಗೆ ಹಾಕಿದರೆ ಎಂಥ ದೀಪವೂ ಹೊಳೆಯುತ್ತದೆ. ಆ ಧೈರ್ಯದಿಂದಲೇ ಈ ಅನಾಹುತ ಸಂಭವಿಸಿತು.

ನನ್ನ ಪತ್ನಿ ಸುಧಾಳಿಗೆ ಗುಬ್ಬಿಯ ಅವಳಜ್ಜಿ ಮದುವೆಯಲ್ಲಿ ತಮ್ಮ ಕೆಂಪುಕಲ್ಲಿನ ಓಲೆ ಕೊಟ್ಟಿದ್ದರು. ಅದರ ಜೊತೆಯ ಪದಕವನ್ನು ಮಾತ್ರ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. "ಓಲೆ ಹೆಂಗ್ ಇಟ್ಕೊಂತೀಯೋ ನೋಡಿ ಪದಕ ಕೊಡ್ತೀನಿ" ಎಂಬುದು ಅವರ ಷರತ್ತು. ಕುಣಿಗಲ್ಲಿನಲ್ಲಿ ಸುಧಾಳ ಅಕ್ಕನ ಮಗುವಿನ ನಾಮಕರಣ. ಅಜ್ಜಿ ಪದಕ ತರುತ್ತಾರೆಂಬ ಸುದ್ದಿ ಬಂದಿತ್ತು. ಹೊರಡುವ ದಿನ ಬೆಳಿಗ್ಗೆ, ಓಲೆ ಕೊಂಚ ಮಂಕಾಗಿದೆ ಎಂದು ನನಗನಿಸಿತು. ಸುಧಾ ಸ್ನಾನಕ್ಕೆ ಹೋದಾಗ, ಯಾರ ಪೂರ್ವಾನುಮತಿಯನ್ನೂ ಪಡೆಯದೆ, ಸದರಿ ಓಲೆಗಳನ್ನು ಹುಣಸೆನೀರಿಗೆ ಬಿಟ್ಟೆ.

ಚಿನ್ನ ಹೊಳೆಯಿತು. ಕಲ್ಲು ಕಪ್ಪಾಯಿತು.

ತೇವ ಆರಿದರೆ ಸರಿಹೋದೀತೆಂದು ಹೇರ್ ಡ್ರೈಯರ್ ಹಿಡಿದೆ. ಒಂದು ಕಲ್ಲು ಕಳಚಿ ಬಿತ್ತು. ಚಪ್ಪಲಿ ಅಂಟಿಸುವ ಗೋಂದು ತಂದೆ. ಕಲ್ಲು ಮೊದಲು ನನ್ನ ಹೆಬ್ಬೆರಳಿಗೆ ಅಂಟಿತು. ಆಮೇಲೆ ಓಲೆಗೆ, ಓರೆಯಾಗಿ.

"ಏನ್ರೀ ಇದು?" ಸುಧಾ ಬಾಗಿಲಲ್ಲಿ ನಿಂತಿದ್ದಳು.

"ಕ್ಲೀನ್ ಮಾಡ್ದೆ ಕಣೇ. ಮಂಕಾಗಿತ್ತು."

"ಅದೇನ್ ದೇವರಮನೆ ದೀಪಾನಾ? ಅಜ್ಜಿ ಮೆತ್ತಗಿರೋ ಬಟ್ಟೇಲಿ ಒರೆಸ್ತಿದ್ರು, ಅಷ್ಟೇ. ಈಗ ಏನ್ ಹೇಳ್ಲಿ ಅವ್ರಿಗೆ?"

ಅವಳು ಅದೇ ಓಲೆ ಹಾಕಿಕೊಂಡಳು; ನಾನು ಹೆಬ್ಬೆರಳಿನ ಗೋಂದು ಕೆರೆಯುತ್ತಾ ಬಸ್ಸು ಹತ್ತಿದೆ.

ಕುಣಿಗಲ್ಲಿನಲ್ಲಿ ಅಜ್ಜಿ ಮೊಮ್ಮಗಳ ಕಿವಿಯನ್ನೇ ಮೊದಲು ನೋಡಿದರು. "ಇದ್ಯಾಕವ್ವ ಹಿಂಗ್ ಕರ್ರಗಾಗವೆ?"

ಸುಧಾ ನನ್ನ ಹೆಸರೆತ್ತಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

"ನಾನೇ ಅಜ್ಜಿ, ಬಿಸಿ ಹುಣಸೆನೀರಲ್ಲಿ ತೊಳ್ದೆ" ಎಂದು ಒಪ್ಪಿಕೊಂಡೆ.

ಅಜ್ಜಿ ಬೈಯಲಿಲ್ಲ. "ಕಲ್ಲಿನ ಹಿಂದೆ ಬೇಗಡೆ ಹಾಳೆ ಇಟ್ಟು ಅರಗು ತುಂಬಿರ್ತಾರೆ ಕಣಪ್ಪ. ಕಲ್ಲು ಹೊಳೆಯೋದೇ ಆ ಹಾಳೆಯಿಂದ. ನೀರು ನುಗ್ಗಿದ್ರೆ ಹೋಯ್ತು. ನಮ್ಮತ್ತೆ ಕೊಟ್ಟಾಗ್ಲಿಂದ ನಾನು ಬಿಚ್ಚಿಟ್ಟೇ ತಲೆಗೆ ನೀರು ಹುಯ್ಕೊಂತಿದ್ದೆ."

ಹೀಗೆನ್ನುತ್ತಾ ಸೆರಗಿನ ಗಂಟು ಬಿಚ್ಚತೊಡಗಿದ್ದರು. ಒಳಗಿನಿಂದ ಪದಕದ ಕೆಂಪು ಇಣುಕಿತು. ಅಜ್ಜಿ ಇನ್ನೊಮ್ಮೆ ಓಲೆ ನೋಡಿದರು, ನನ್ನನ್ನು ನೋಡಿದರು, ಗಂಟನ್ನು ಮತ್ತೆ ಬಿಗಿದರು.

"ಇದು ನನ್ ತಾವೇ ಇರ್ಲಿ ಬುಡು."

ವಾಪಸು ಬರುವಾಗ ಬಸ್ಸಿನಲ್ಲಿ ಸುಧಾ ಕಿವಿಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಮನೆಗೆ ಬಂದವನೇ, ಏನಾದರೂ ಉಪಕಾರ ಮಾಡೋಣವೆಂದು ದೇವರಮನೆಯ ದೀಪಕ್ಕೆ ಕೈ ಹಾಕಿದೆ.

"ಅದನ್ನೂ ಅಲ್ಲೇ ಇಡ್ರಿ" ಎಂದಳು.

ಸದರಿ ಆದೇಶವು ಇಂದಿನವರೆಗೂ ಜಾರಿಯಲ್ಲಿರುತ್ತದೆ. ನಮ್ಮ ಮನೆಯ ಹುಣಸೆಹಣ್ಣು ಈಗ ಸಾರಿಗೆ ಮಾತ್ರ.